ಒಳಗಿನಿಂದ ತೆರೆಯದ ಬಾಗಿಲು

ಯಾವ ಬಾಗಿಲೂ ಒಂದೇ ದಿನದಲ್ಲಿ ಬಿಗಿಯಾಗುವುದಿಲ್ಲ. ಎರಡು ಬೆರಳಿಗೆ ಸರಿಯುತ್ತಿದ್ದ ಬಾಗಿಲು ಕೆಲವು ತಿಂಗಳ ಬಳಿಕ ಇಡೀ ಕೈಯನ್ನು ಬೇಡುತ್ತದೆ, ಅನಂತರ ಭುಜವನ್ನೂ ಬೇಡುತ್ತದೆ. ದಿನವೂ ಬಳಸುವವನಿಗೆ ಈ ವ್ಯತ್ಯಾಸ ತಿಳಿಯುವುದೇ ಇಲ್ಲ. ಬಾಗಿಲು ಬಿಗಿಯಾಗುತ್ತಾ ಹೋದಂತೆ ಅವನ ಕೈಯೂ ಒರಟಾಗುತ್ತಾ ಹೋಗುತ್ತದೆ. ಇದನ್ನು ನನಗೆ ತಿಳಿಸಿಕೊಟ್ಟದ್ದು ಚಿಂತಾಮಣಿಯ ನಮ್ಮ ಮನೆಯ ಹಳೆಯ ಓಮ್ನಿ ವ್ಯಾನು.

ಈ ವಾಹನ ನಿಮಗೆ ಅಪರಿಚಿತವಲ್ಲ. 1984ರಲ್ಲಿ ‘ಮಾರುತಿ ವ್ಯಾನ್’ ಎಂಬ ಹೆಸರಿನಿಂದ ರಸ್ತೆಗಿಳಿದ ಇದರ ತಯಾರಿಕೆ 2019ರಲ್ಲಿ ನಿಂತಿತು. ಆದರೂ ನಮ್ಮ ಕಡೆಯ ರಸ್ತೆಗಳಲ್ಲಿ ಅದಿನ್ನೂ ಓಡುತ್ತಿದೆ. 796 ಸಿ.ಸಿ.ಯ ಪುಟ್ಟ ಎಂಜಿನ್ ಮುಂದಿನ ಆಸನಗಳ ಕೆಳಗೆ ಅಡಗಿದೆ. ಹಿಂದೆ ಕುಳಿತುಕೊಳ್ಳುವವರಿಗೆ ಎರಡೂ ಪಕ್ಕದಲ್ಲಿ ಜಾರುವ ಬಾಗಿಲುಗಳಿವೆ. ಶಾಲೆಯ ಮಕ್ಕಳನ್ನೂ ಟೊಮೆಟೊ ಕ್ರೇಟುಗಳನ್ನೂ ಮದುವೆಯ ನೆಂಟರನ್ನೂ ಅದು ಸಮನಾಗಿ ಹೊತ್ತಿದೆ. ಇಕ್ಕಟ್ಟಾದ ಪೇಟೆ ಬೀದಿಯಲ್ಲಿ ಹೊರಕ್ಕೆ ಚಾಚಿಕೊಳ್ಳದೆ ಪಕ್ಕಕ್ಕೆ ಸರಿಯುವ ಬಾಗಿಲು ಎಷ್ಟು ಅನುಕೂಲವೆಂಬುದು ಸಂತೆಯ ದಿನ ಗಾಡಿ ನಿಲ್ಲಿಸಿದವರಿಗೆ ಗೊತ್ತು.

ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲ. ಬೇಸಿಗೆ ಬಂತೆಂದರೆ ಕೆಂಪು ಮಣ್ಣಿನ ಧೂಳು ಎಲ್ಲದರೊಳಗೂ ಸೇರಿಕೊಳ್ಳುತ್ತದೆ. ಬಾಗಿಲು ಕಿರುಗುಟ್ಟಿದಾಗಲೆಲ್ಲ ನಾನು ಹಳಿಗೆ ಒಂದು ಹಿಡಿ ಗ್ರೀಸ್ ಮೆತ್ತುತ್ತಿದ್ದೆ. ನಾಲ್ಕು ದಿನ ಅದು ಸಲೀಸಾಗಿ ಸರಿಯುತ್ತಿತ್ತು. ಐದನೆಯ ದಿನ ಮೊದಲಿಗಿಂತ ಬಿಗಿಯಾಗುತ್ತಿತ್ತು. ಆಗ ಇನ್ನಷ್ಟು ಜೋರಾಗಿ ಎಳೆಯುತ್ತಿದ್ದೆ.

ಈ ನಡುವೆ ಮನೆಯಲ್ಲಿ ಇನ್ನೊಂದು ಬದಲಾವಣೆಯಾಗುತ್ತಿತ್ತು. ತಿಂಗಳಿಗೊಮ್ಮೆ ಶಿಡ್ಲಘಟ್ಟದ ತಂಗಿಯ ಮನೆಗೆ ಹೋಗುತ್ತಿದ್ದ ಅಮ್ಮ, “ಈ ತಿಂಗಳು ಬೇಡ ಬಿಡಪ್ಪ” ಎನ್ನತೊಡಗಿದರು. ಮೊಣಕಾಲು ನೋವಿರಬೇಕು, ವಯಸ್ಸಾಯಿತು ಎಂದು ನಾನು ತಿಳಿದುಕೊಂಡೆ. ಸತ್ಯ ಹೇಳುವುದಾದರೆ, ಹೋಗಿಬರುವ ತಾಪತ್ರಯ ತಪ್ಪಿತೆಂದು ಒಳಗೊಳಗೇ ಸಮಾಧಾನವೂ ಆಗಿತ್ತು.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಅಮ್ಮನನ್ನು ವೈದ್ಯರಿಗೆ ತೋರಿಸಿಕೊಂಡು ಬರುವಾಗ ಔಷಧಿ ಅಂಗಡಿಯ ಮುಂದೆ ವ್ಯಾನು ನಿಲ್ಲಿಸಿ ಇಳಿದೆ. ಅಂಗಡಿಯಲ್ಲಿ ಪರಿಚಿತರೊಬ್ಬರು ಸಿಕ್ಕರು. ಐದು ನಿಮಿಷದ ಕೆಲಸ ಅರ್ಧ ಗಂಟೆಯಾಯಿತು. ಹಿಂದಿರುಗಿ ಬಂದಾಗ ಅಮ್ಮನ ಸೆರಗು ಬೆವರಿನಿಂದ ತೊಯ್ದುಹೋಗಿತ್ತು, ಮುಖ ಕೆಂಪೇರಿತ್ತು. ಎದುರಿಗೇ ಹೊಂಗೆಮರದ ನೆರಳಿತ್ತು.

“ಇಳಿದು ನೆರಳಲ್ಲಿ ಕೂತ್ಕೋಬಾರದಾ ಅಮ್ಮ?”

“ಈ ಬಾಗ್ಲು ನನ್ನ ಕೈಗೆ ಬರಲ್ಲ ಕಣಪ್ಪ. ಹೋದ ದೀಪಾವಳಿಯಿಂದಲೇ ಬರ್ತಿಲ್ಲ.”

“ಹೇಳಬಾರದಿತ್ತಾ?”

“ನೀನೇ ಅಷ್ಟು ಕಷ್ಟಪಟ್ಟು ಎಳೀತೀಯ. ನಿನಗೆ ಗೊತ್ತಿರುತ್ತೆ ಅಂದ್ಕೊಂಡೆ.”

ನಾನು ಉತ್ತರಿಸಲಿಲ್ಲ. ದೀಪಾವಳಿಯಿಂದ ಏಪ್ರಿಲ್‌ವರೆಗೆ ಅಮ್ಮ ವ್ಯಾನು ಹತ್ತಿದಾಗಲೆಲ್ಲ, ನಾನು ಬಂದು ತೆರೆಯುವವರೆಗೆ ಇಳಿಯಲಾರೆನೆಂದು ತಿಳಿದೇ ಹತ್ತಿದ್ದರು.

ಮರುದಿನ ಬೆಳಿಗ್ಗೆ ಪರಿಚಯದ ಮೇಸ್ತ್ರಿಯೊಬ್ಬರ ಬಳಿಗೆ ಹೋದೆ. ಅವರು ಬಾಗಿಲನ್ನು ಎಳೆಯಲೇ ಇಲ್ಲ. ಅರ್ಧ ತೆರೆದು, ಹಿಂಬದಿಯ ಅಂಚಿಗೆ ಅಂಗೈ ಕೊಟ್ಟು ಮೇಲಕ್ಕೆ ಎತ್ತಿದರು. ಬಾಗಿಲು ಒಂದು ಬೆರಳಿನಷ್ಟು ಮೇಲೆದ್ದು ಮತ್ತೆ ಕುಸಿಯಿತು. “ಇದು ಬರೀ ಬಿಗಿಯಲ್ಲ ಸಾರ್, ಬಾಗ್ಲು ಇಳಿದುಬಿಟ್ಟಿದೆ” ಎಂದರು.

ಜಾರುವ ಬಾಗಿಲಿನ ಭಾರವನ್ನು ಹಳಿಗಳಲ್ಲಿ ಓಡುವ ಸಣ್ಣ ರೋಲರುಗಳು ಹೊರುತ್ತವೆ. ಮೇಲೊಂದು ಹಳಿ, ಕೆಳಗೆ ಮೆಟ್ಟಿಲ ಬಳಿ ಒಂದು, ಹಿಂಭಾಗದ ಹೊರಮೈಯಲ್ಲಿ ಇನ್ನೊಂದು. ಮುಚ್ಚುವಾಗ ಬಾಗಿಲು ಒಳಕ್ಕೆ ಸೇರಿಕೊಳ್ಳಬೇಕಾದುದರಿಂದ ಹಳಿಯ ತುದಿ ಒಳಮುಖವಾಗಿ ಬಾಗಿರುತ್ತದೆ. ಮೇಸ್ತ್ರಿ ಬಟ್ಟೆಯಿಂದ ಆ ಬಾಗುವಿಕೆಯನ್ನು ಒರೆಸಿ ನನಗೆ ತೋರಿಸಿದರು. ನಾನು ಮೆತ್ತಿದ್ದ ಗ್ರೀಸೆಲ್ಲ ಧೂಳನ್ನು ಹಿಡಿದಿಟ್ಟುಕೊಂಡು ಉಪ್ಪುಕಾಗದದಂತೆ ತರಿತರಿಯಾಗಿತ್ತು. ಅದರಲ್ಲಿ ಸಿಕ್ಕಿ ತಿರುಗುವುದನ್ನು ನಿಲ್ಲಿಸಿದ್ದ ಹಿಂದಿನ ರೋಲರು ಉರುಳದೆ ಎಳೆಯಲ್ಪಟ್ಟು, ಒಂದು ಮಗ್ಗುಲಲ್ಲಿ ಚಪ್ಪಟೆಯಾಗಿ ಸವೆದಿತ್ತು. ಅದು ಸವೆದಂತೆ ಬಾಗಿಲು ಇಳಿಯಿತು; ಇಳಿದಂತೆ ಬಿಗಿಯಾಯಿತು. ಚಿಕಿತ್ಸೆಯೆಂದು ನಾನು ಕೊಟ್ಟದ್ದೇ ರೋಗವನ್ನು ಬೆಳೆಸಿತ್ತು!

ಅವರು ಸೀಮೆಎಣ್ಣೆಯಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೂರೂ ಹಳಿಗಳನ್ನು ತಿಕ್ಕಿ ಒಣಬಟ್ಟೆಯಿಂದ ಒರೆಸಿದರು. ಹೊಸ ರೋಲರು ಹಾಕಿ, ಅದು ತಿರುಗುವ ಪಿನ್ನಿಗೆ ಮಾತ್ರ ಎರಡು ಹನಿ ಎಣ್ಣೆ ಬಿಟ್ಟರು. ಹಳಿಗೆ ಎಣ್ಣೆಯ ತೆಳುವಾದ ಲೇಪ ಸಾಕು, ದಪ್ಪವಾದರೆ ಧೂಳು ಕೂರುತ್ತದೆ ಎಂದು ಎಚ್ಚರಿಸಿದರು. ಬಾಗಿಲಿನ ತಳದಲ್ಲಿ ಮಳೆನೀರು ಇಳಿದುಹೋಗುವ ಸಣ್ಣ ರಂಧ್ರಗಳಿಗೆ ತಂತಿ ತೂರಿಸಿದಾಗ ಕಟ್ಟಿಕೊಂಡಿದ್ದ ಮಣ್ಣು ಉದುರಿತು. ಹಾಗೆಯೇ ಬಿಟ್ಟಿದ್ದರೆ ತಗಡು ಒಳಗಿನಿಂದಲೇ ತುಕ್ಕು ಹಿಡಿಯುತ್ತಿತ್ತು. ಕೊನೆಗೆ ಚಿಲಕ ಬಂದು ಕೂರುವ ಕೊಂಡಿಯ ಸ್ಕ್ರೂ ಸಡಿಲಿಸಿ, ಸರಿಯಾದ ಜಾಗಕ್ಕೆ ತಂದು ಮತ್ತೆ ಬಿಗಿಗೊಳಿಸಿದರು.

ನಾನು ಪರೀಕ್ಷಿಸಲು ಕೈ ಚಾಚಿದೆ. ಅವರು ತಡೆದರು. “ನೀವು ಎಳೆದರೆ ಏನ್ ಗೊತ್ತಾಗುತ್ತೆ ಸಾರ್? ಮನೆಗೆ ಹೋಗಿ ಅಮ್ಮನವರ ಕೈಲಿ ಎಳೆಸಿ. ಒಳಗಿಂದ.”

ಸಂಜೆ ಅಮ್ಮನನ್ನು ವ್ಯಾನಿನಲ್ಲಿ ಕೂರಿಸಿ ನಾನು ದೂರ ನಿಂತೆ. ಅವರು ಎರಡೂ ಕೈಗಳಿಂದ ಹಿಡಿಯನ್ನು ಗಟ್ಟಿಯಾಗಿ ಹಿಡಿದು ಉಸಿರು ಬಿಗಿಹಿಡಿದರು. ಬಾಗಿಲು ಸರ್ರನೆ ಸರಿದುಹೋಯಿತು. ಅಷ್ಟೊಂದು ಬಲ ಬೇಕಾಗಿರಲಿಲ್ಲ. ಅವರು ನಕ್ಕು ಮತ್ತೆ ಮುಚ್ಚಿದರು, ಮತ್ತೆ ಒಂದೇ ಕೈಯಿಂದ ತೆರೆದರು. ಮೂರನೆಯ ಸಲ ತೆರೆದು ತಾವೇ ಕೆಳಗಿಳಿದು, “ಭಾನುವಾರ ಶಿಡ್ಲಘಟ್ಟಕ್ಕೆ ಹೋಗೋಣವಾ?” ಎಂದರು.

ಆತ್ಮೀಯರೇ, ನಿಮ್ಮ ಮನೆಯಲ್ಲಿಯೂ ಜಾರುವ ಬಾಗಿಲಿರಬಹುದು, ಕಿಟಕಿಯಿರಬಹುದು, ಗೇಟಿರಬಹುದು. ಬೇಸಿಗೆಗೆ ಮೊದಲೊಮ್ಮೆ, ಮಳೆಗಾಲ ಕಳೆದ ಮೇಲೊಮ್ಮೆ ಅದರ ಹಳಿಯನ್ನು ಒರೆಸಿರಿ. ಆದರೆ ಬಾಗಿಲು ಸರಿಯಾಗಿದೆಯೆಂದು ನಿಮ್ಮ ಕೈಯನ್ನು ಮಾತ್ರ ನಂಬಿ ನಿರ್ಧರಿಸಬೇಡಿ. ಮನೆಯಲ್ಲಿ ಎಲ್ಲರಿಗಿಂತ ದುರ್ಬಲವಾದ ಕೈ ಯಾರದೋ, ಅವರಿಂದ ತೆರೆಸಿ ನೋಡಿರಿ. ಅವರು ಬಹಳ ದಿನಗಳಿಂದ ಏನನ್ನಾದರೂ ಬೇಡವೆನ್ನುತ್ತಿದ್ದರೆ, ಏಕೆಂದು ಇನ್ನೊಮ್ಮೆ ಕೇಳಿರಿ. ನಾನು ಕೇಳಲು ಅರ್ಧ ವರ್ಷ ತಡಮಾಡಿದೆ.