ಆತಪ, ಉದ್ಯೋತ ಮತ್ತು ಲೀಡ್ಸ್‌ನ ಒಂದು ಆಮೆ

ಕಾರ್ಕಳದ ಚತುರ್ಮುಖ ಬಸದಿಗೆ ವಿದ್ಯಾರ್ಥಿಗಳನ್ನು ಕರೆದೊಯ್ದಾಗಲೆಲ್ಲ ಕಂಬಗಳ ಕೆತ್ತನೆಗಿಂತ ಮೊದಲು ಜಿನರ ಲಾಂಛನಗಳನ್ನು ಗಮನಿಸಿರೆಂದು ಹೇಳುವುದು ನನ್ನ ರೂಢಿ. 1586ರಲ್ಲಿ ಇಮ್ಮಡಿ ಭೈರರಸ ಒಡೆಯನು ಕಟ್ಟಿಸಿದ ಈ ಬಸದಿಯ ನಾಲ್ಕು ಬಾಗಿಲುಗಳಲ್ಲಿ ಯಾವುದರ ಮುಂದೆ ನಿಂತರೂ ಕಾಣುವವರು ಅದೇ ಮೂವರು: ಅರನಾಥ, ಮಲ್ಲಿನಾಥ, ಮುನಿಸುವ್ರತ. ದಿಗಂಬರ ಪರಂಪರೆಯಲ್ಲಿ ಇವರ ಲಾಂಛನಗಳು ಕ್ರಮವಾಗಿ ಮೀನು, ಕಲಶ ಮತ್ತು ಆಮೆ. ಮೂರಕ್ಕೂ ನೀರಿನ ನಂಟಿದೆ. ಇದು ಆಕಸ್ಮಿಕವೇ ಇರಬಹುದು. ಆದರೆ ಉಚ್ಚಿಲದಂತಹ ಕಡಲಬದಿಯ ಊರಿನಿಂದ ಗಟ್ಟದ ಬುಡಕ್ಕೆ ಹೋದವನ ಕಣ್ಣಿಗೆ ಅದು ಬೀಳದೆ ಇರದು.

ನಮ್ಮ ಸಾಹಿತ್ಯದಲ್ಲಿ ಆಮೆ ಹೆಚ್ಚಾಗಿ ಉಪಮಾನವಾಗಿಯೇ ಬರುತ್ತದೆ. ಶ್ವೇತಾಂಬರ ಆಗಮಗಳಲ್ಲಿ ಆರನೆಯ ಅಂಗವಾದ ಜ್ಞಾತಾಧರ್ಮಕಥೆಯ ನಾಲ್ಕನೆಯ ಅಧ್ಯಯನಕ್ಕೆ ಆಮೆಯದೇ ಹೆಸರು. ಎರಡು ಆಮೆಗಳು ಕೊಳದ ದಡಕ್ಕೆ ಬರುತ್ತವೆ, ಎರಡು ನರಿಗಳು ಹೊಂಚು ಹಾಕುತ್ತವೆ. ಅಂಗಾಂಗಗಳನ್ನು ಒಳಗೆಳೆದುಕೊಂಡು ಸುಮ್ಮನಿದ್ದ ಆಮೆ ಬದುಕುತ್ತದೆ; ಆತುರದಿಂದ ಒಂದೊಂದೇ ಕಾಲನ್ನು ಹೊರಗೆ ಚಾಚಿದ್ದು ನರಿಗಳ ಪಾಲಾಗುತ್ತದೆ. ಭಗವದ್ಗೀತೆಯ ಸ್ಥಿತಪ್ರಜ್ಞನ ವರ್ಣನೆಯಲ್ಲಿಯೂ ಇದೇ ಆಮೆಯಿದೆ. ಪಂಚತಂತ್ರದ ಆಮೆ ಮಾತ್ರ ಬಾಯಿ ಬಿಟ್ಟು ಕೆಟ್ಟಿತು. ಹೀಗೆ ಸಂಯಮಕ್ಕೋ ಅಸಂಯಮಕ್ಕೋ ದೃಷ್ಟಾಂತವಾಗಿ ಬರುವ ಈ ಪ್ರಾಣಿ ತನ್ನಷ್ಟಕ್ಕೆ ಹೇಗೆ ಬದುಕುತ್ತದೆ, ಅದಕ್ಕೆ ಏನು ಬೇಕು ಎಂದು ಕೇಳಿದ ಕವಿಯನ್ನು ನಾನು ಕಂಡಿಲ್ಲ. ಆ ಪ್ರಶ್ನೆಯನ್ನು ನನಗೆ ಕೇಳಿದವಳು ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿರುವ ನನ್ನ ತಮ್ಮನ ಮಗಳು.

ಅವಳ ನೆರೆಮನೆಯ ವೃದ್ಧೆಯೊಬ್ಬರು ವೃದ್ಧಾಶ್ರಮಕ್ಕೆ ಹೋಗುವಾಗ ತಮ್ಮ ಆಮೆಯನ್ನು ಇವಳಿಗೆ ಒಪ್ಪಿಸಿದ್ದರು. ಇಟಲಿ, ಗ್ರೀಸ್ ಮೊದಲಾದ ಮೆಡಿಟರೇನಿಯನ್ ಸೀಮೆಯ ಹರ್ಮನ್ ಆಮೆ ಅದು. ನೆಲವಾಸಿ, ಶುದ್ಧ ಸಸ್ಯಾಹಾರಿ. ಕೈಗೆ ಬಂದಾಗಲೇ ಅದರ ಹೊಟ್ಟೆಯ ಚಿಪ್ಪು ಒತ್ತಿದರೆ ಬಗ್ಗುವಷ್ಟು ಮೆತ್ತಗಾಗಿತ್ತು. ದೇಹಕ್ಕೆ ಸುಣ್ಣದಂಶ ಹಿಡಿಯುತ್ತಿಲ್ಲ, ಇನ್ನೊಂದು ಚಳಿಗಾಲ ಹೀಗೇ ಕಳೆದರೆ ಬದುಕುವುದು ಕಷ್ಟ ಎಂದು ಪಶುವೈದ್ಯರು ಹೇಳಿದ್ದರು. ಅಂಗಡಿಯೊಂದರವರು ಗಾಜಿನ ತೊಟ್ಟಿ, ಅಡಿಗೆ ಹಾಸುವ ಶಾಖದ ಚಾಪೆ, ಸುರುಳಿಯಾಕಾರದ ಒಂದು ಪುಟ್ಟ ಬಲ್ಬು ಇಷ್ಟನ್ನು ಕೊಟ್ಟು ಸಾಕೆಂದಿದ್ದರು. ಅವಳಿಗೆ ಸಮಾಧಾನವಾಗಲಿಲ್ಲ. ಫೋನಿನಲ್ಲಿ ಕೇಳಿದಳು: “ದೊಡ್ಡಪ್ಪ, ಇದನ್ನು ಪೆಟ್ಟಿಗೆಯಲ್ಲಿಟ್ಟು ಸಾಕುವುದು ನಮ್ಮ ವ್ರತಕ್ಕೆ ಒಪ್ಪುತ್ತದಾ? ಒಪ್ಪುವುದಾದರೆ ದೀಪ ಯಾವುದು ಹಾಕಬೇಕು, ಅದನ್ನೂ ನೀವೇ ಹೇಳಿ.”

ಎರಡನೆಯ ಪ್ರಶ್ನೆಗೆ ಸಾಹಿತ್ಯದ ಮೇಷ್ಟರ ಬಳಿ ಉತ್ತರವಿರಬೇಕಾಗಿಲ್ಲ. ಆದರೆ ಕೆಲವು ವಾರ ಓದಿದ ಮೇಲೆ ಎರಡೂ ಪ್ರಶ್ನೆಗಳು ಒಂದೇ ಎಂದು ನನಗೆ ತೋರಿತು.

ಅವಳು ಬೆಂಗಳೂರಿನಲ್ಲಿದ್ದು ನಕ್ಷತ್ರ ಆಮೆಯನ್ನು ತಂದಿಟ್ಟುಕೊಂಡಿದ್ದರೆ ಉತ್ತರ ಸುಲಭವಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಮ್ಮ ನೆಲದ ಕಾಡು ಆಮೆಗಳನ್ನು ಮನೆಯಲ್ಲಿ ಇಟ್ಟುಕೊಳ್ಳಲು ಬಿಡುವುದಿಲ್ಲ. ನಕ್ಷತ್ರ ಆಮೆಯ ಅಂತರರಾಷ್ಟ್ರೀಯ ವ್ಯಾಪಾರಕ್ಕೂ 2019ರಲ್ಲಿ ಅತ್ಯಂತ ಕಠಿಣ ನಿರ್ಬಂಧ ಬಂದಿದೆ. ಅದೃಷ್ಟ ತರುತ್ತದೆಂಬ ನಂಬಿಕೆಯಿಂದ ಬಕೆಟ್ಟಿನಲ್ಲಿ ಆಮೆಯಿಡುವವರು ಇನ್ನೂ ಇದ್ದಾರೆ. ಅವರಿಗೆ ದೀಪದ ವಿಷಯ ಹೇಳುವುದಕ್ಕಿಂತ ಅರಣ್ಯ ಇಲಾಖೆಯ ದಾರಿ ತೋರಿಸುವುದು ಮೇಲು. ಲೀಡ್ಸ್‌ನ ಆಮೆಯ ಸ್ಥಿತಿ ಬೇರೆ. ಅದಕ್ಕೆ ಮರಳಿ ಹೋಗುವ ಕಾಡಿಲ್ಲ, ಬಿಟ್ಟರೆ ಅಲ್ಲಿನ ಚಳಿಗೆ ಉಳಿಯುವುದಿಲ್ಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ. ಹೊಡೆಯುವುದು, ಅಂಗವನ್ನು ಕೊಯ್ಯುವುದು, ಮಿತಿಮೀರಿ ಹೊರೆ ಹೊರಿಸುವುದು, ಅನ್ನನೀರು ತಡೆಯುವುದು ಇವೆಲ್ಲ ಆಮೇಲೆ ಬರುತ್ತವೆ, ಮೊದಲನೆಯದೇ ಬಂಧ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಬಂಧವನ್ನು ವಿವರಿಸುವ ರೀತಿ ಮನನೀಯವಾಗಿದೆ. ಹಗ್ಗ, ಸರಪಳಿ, ಗೋಡೆಗಳ ಮಾತನ್ನು ಅವರು ಎತ್ತುವುದಿಲ್ಲ. ಪ್ರಾಣಿಯು ತನಗೆ ಇಷ್ಟವಾದ ಜಾಗಕ್ಕೆ ಹೋಗದಂತೆ ತಡೆಯುವುದು ಯಾವುದೋ ಅದು ಬಂಧ ಎಂಬುದು ಅವರ ತಾತ್ಪರ್ಯ. (ಐದನೆಯ ಅಧ್ಯಾಯದಲ್ಲಿ ಪುದ್ಗಲದ ಪರ್ಯಾಯವಾಗಿ ಬರುವ ಬಂಧ ಬೇರೆಯೇ ಪರಿಭಾಷೆ. ಪರೀಕ್ಷೆಯ ಉತ್ತರಗಳಲ್ಲಿ ಇವೆರಡೂ ಕಲಸಿಹೋಗಿರುವುದನ್ನು ಪ್ರತಿ ವರ್ಷ ಕಾಣುತ್ತೇನೆ.)

ಹಾಗಾದರೆ ಆಮೆಗೆ ‘ಇಷ್ಟವಾದ ಜಾಗ’ ಯಾವುದು? ನಮ್ಮ ಹಾಗೆ ಒಳಗಿನಿಂದ ಶಾಖ ಹುಟ್ಟಿಸಿಕೊಳ್ಳುವ ದೇಹ ಅದಕ್ಕಿಲ್ಲ. ಬೆಳಿಗ್ಗೆ ಬಿಸಿಲಿಗೆ ಬಂದು ಮೈ ಕಾಯಿಸಿಕೊಂಡರೆ ಮಾತ್ರ ತಿಂದದ್ದು ಅರಗುತ್ತದೆ. ಕಾದದ್ದು ಹೆಚ್ಚಾದರೆ ನೆರಳಿಗೆ ಸರಿಯಬೇಕು. ಅದರ ಹಗಲೆಲ್ಲ ಬಿಸಿಲಿನಿಂದ ನೆರಳಿಗೆ, ನೆರಳಿನಿಂದ ಬಿಸಿಲಿಗೆ ನಡೆಯುವುದೇ ಆಗಿದೆ. ಆದುದರಿಂದ ಇಡೀ ಪೆಟ್ಟಿಗೆಯನ್ನು ಒಂದೇ ಸಮನಾಗಿ ಬೆಚ್ಚಗಿಟ್ಟರೆ ಅದೇ ನಿಜವಾದ ಬಂಧ. ಎಷ್ಟೇ ಅಗಲವಾದ ಪೆಟ್ಟಿಗೆಯಿದ್ದರೂ ಆ ಪ್ರಾಣಿಗೆ ಹೋಗಲು ಬೇರೆ ಜಾಗವೇ ಇಲ್ಲ. ಒಂದು ತುದಿಯಲ್ಲಿ ಮಾತ್ರ ಬಿಸಿ, ಇನ್ನೊಂದು ತುದಿಯಲ್ಲಿ ತಂಪು, ನಡುವೆ ಇಳಿಜಾರಿನಂತೆ ಕಡಿಮೆಯಾಗುತ್ತ ಹೋಗುವ ಶಾಖ ಇದ್ದರೆ ನಾಲ್ಕು ಅಡಿಯ ಮೇಜಿನಲ್ಲಿಯೂ ಅದಕ್ಕೆ ಆಯ್ಕೆ ಉಳಿಯುತ್ತದೆ. ಆಮೆ ಸಾಕುವವರ ಕೈಪಿಡಿಗಳು ಇದನ್ನೇ ಶಾಖದ ಏರಿಳಿತವೆಂದು ಬರೆಯುತ್ತವೆ. ನಾನು ಇದನ್ನು ಪೂಜ್ಯಪಾದರ ವ್ಯಾಖ್ಯಾನಕ್ಕೆ ಬರೆದ ಅಡಿಟಿಪ್ಪಣಿಯೆಂದು ಓದಿದೆ. ಗಾಜಿನ ತೊಟ್ಟಿ ಹೋಯಿತು. ಅದರಲ್ಲಿ ಗಾಳಿಯಾಡದೆ ಶಾಖ ಎಲ್ಲ ಕಡೆ ಒಂದೇ ಆಗುತ್ತದೆ. ನಾಲ್ಕಡಿ ಉದ್ದ, ಎರಡಡಿ ಅಗಲದ, ಮೇಲೆ ತೆರೆದ ಮರದ ಮೇಜು ಬಂತು. ಅಡಿಯ ಚಾಪೆಯೂ ಹೋಯಿತು. ಸೂರ್ಯ ಮೇಲಿನಿಂದ ಕಾಯಿಸುತ್ತಾನೆ, ಆಮೆಯ ದೇಹ ಆ ಕ್ರಮಕ್ಕೆ ಒಗ್ಗಿದೆ. ಬಿಸಿಯಾದರೆ ಮಣ್ಣನ್ನು ಕೊರೆದು ಕೆಳಗಿಳಿಯುವ ಪ್ರಾಣಿಗೆ ಕೆಳಗೇ ಬೆಂಕಿಯಿಟ್ಟರೆ ಅದು ಎಲ್ಲಿಗೆ ಹೋದೀತು?

ಇನ್ನು ದೀಪಗಳು. ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಪುದ್ಗಲದ ಪರ್ಯಾಯಗಳನ್ನು ಎಣಿಸುವಾಗ ಕತ್ತಲೆ, ನೆರಳುಗಳ ಬಳಿಕ ಕೊನೆಗೆ ಎರಡು ಬಗೆಯ ಬೆಳಕನ್ನು ಬೇರೆಬೇರೆಯಾಗಿ ಹೆಸರಿಸಿದೆ: ಆತಪ ಮತ್ತು ಉದ್ಯೋತ. ಸೂರ್ಯನದು ಬಿಸಿಯುಳ್ಳ ಬೆಳಕು, ಅದು ಆತಪ. ಚಂದ್ರ, ರತ್ನ, ಮಿಂಚುಹುಳಗಳದು ಬಿಸಿಯಿಲ್ಲದ ಬೆಳಕು, ಅದು ಉದ್ಯೋತ. ಚಾವುಂಡರಾಯನ ಗುರು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಇನ್ನೂ ಸೂಕ್ಷ್ಮವಾಗಿ ಅಗ್ನಿಯನ್ನು ಇವೆರಡರಿಂದಲೂ ಬೇರ್ಪಡಿಸುತ್ತಾರೆ. ಅಗ್ನಿಯ ಮೂಲವೇ ಬಿಸಿ. ಆತಪದಲ್ಲಿ ಬಿಸಿಯಿರುವುದು ಪ್ರಭೆಯಲ್ಲಿ. ಕನ್ನಡದಲ್ಲಿ ನಾವು ಎಲ್ಲವನ್ನೂ ‘ಬೆಳಕು’ ಎಂದುಬಿಡುತ್ತೇವೆ, ಅಂಗಡಿಯವರು ಎಲ್ಲವನ್ನೂ ‘ಬಲ್ಬು’ ಎನ್ನುತ್ತಾರೆ. ಆಮೆಯ ಮೇಜಿಗೆ ಈ ಹಳೆಯ ವಿಭಜನೆಯೇ ಹೆಚ್ಚು ಉಪಯೋಗಕ್ಕೆ ಬಂತು.

ಆತಪಕ್ಕೆ ಆರಿಸಿದ್ದು ಹ್ಯಾಲೊಜೆನ್ ದೀಪ. ಬೆಳಕಿನೊಡನೆ ಅದು ಸೂರ್ಯನ ಶಾಖವನ್ನು ಹೋಲುವ, ಮೈಯೊಳಕ್ಕೆ ಇಳಿಯುವ ಹ್ರಸ್ವ ಅವಕೆಂಪು ಕಿರಣಗಳನ್ನು ಕೊಡುತ್ತದೆ. ಪಿಂಗಾಣಿಯ ಶಾಖದ ಗುಂಡಿಯಲ್ಲಿ ಬೆಳಕೇ ಇಲ್ಲ, ಬಿಸಿ ಮಾತ್ರ. ಅದು ಚಿಪ್ಪಿನ ಮೇಲ್ಮೈಯನ್ನಷ್ಟೇ ಕಾಯಿಸುತ್ತದೆ. ರಾತ್ರಿ ಕೋಣೆ ತೀರ ತಣ್ಣಗಾದರೆ ಬಳಸಲೆಂದು ಅದನ್ನು ಬೇರೆಯಾಗಿ ಇಟ್ಟುಕೊಂಡಳು. ಕೆಂಪು ಬಲ್ಬುಗಳನ್ನು ಬೇಡವೆಂದೆ. ಆಮೆಗೆ ಬಣ್ಣ ಚೆನ್ನಾಗಿ ಕಾಣುತ್ತದೆ, ಕೆಂಪು ಬೆಳಕಿನಲ್ಲಿ ಸೊಪ್ಪಿನ ಹಸಿರೇ ಮರೆಯಾಗುತ್ತದೆ. ದೀಪದ ಕೆಳಗಿನ ಚಪ್ಪಟೆ ಕಲ್ಲಿನ ಮೇಲೆ 32ರಿಂದ 35 ಡಿಗ್ರಿ, ದೂರದ ತುದಿಯಲ್ಲಿ 20ರ ಆಸುಪಾಸು. ಮೇಜಿನ ಅಂಚಿಗೆ ಅಂಟಿಸಿದ ಉಷ್ಣಮಾಪಕವನ್ನು ನಂಬದೆ, ಕಲ್ಲಿನ ಮೇಲ್ಮೈಯನ್ನೇ ಅಳೆಯಲು ಹೇಳಿದೆ. ದೀಪವನ್ನು ಸರಪಳಿಯಿಂದಲೂ ಕೊಕ್ಕೆಯಿಂದಲೂ, ಎರಡು ಕಡೆ ತೂಗಿಸಬೇಕು. ಒಣಹುಲ್ಲಿನ ಮೇಲೆ ಹ್ಯಾಲೊಜೆನ್ ಕಳಚಿ ಬಿದ್ದರೆ ಮನೆಯೇ ಹೋದೀತು.

ಉದ್ಯೋತಕ್ಕೆ ಉದ್ದನೆಯ ಟ್ಯೂಬು. ಆದರೆ ಇಲ್ಲಿ ಸೂತ್ರಕಾರರ ವಿಭಜನೆಗೆ ಸಿಗದ ಮೂರನೆಯದೊಂದಿದೆ. ಅದು ಕಣ್ಣಿಗೆ ಕಾಣದು, ಮೈಗೆ ಬಿಸಿಯೆನಿಸದು. ಆಮೆಯ ಪ್ರಾಣ ಮಾತ್ರ ಅದರ ಮೇಲೆ ನಿಂತಿದೆ. ಸೂರ್ಯನ ನೇರಳಾತೀತ ಕಿರಣಗಳಲ್ಲಿ ಸುಮಾರು 290ರಿಂದ 315 ನ್ಯಾನೊಮೀಟರ್‌ವರೆಗಿನ ಪಟ್ಟಿ ಚರ್ಮದಲ್ಲಿ ಡಿ ವಿಟಮಿನ್ನಿನ ಪೂರ್ವರೂಪವನ್ನು ಹುಟ್ಟಿಸುತ್ತದೆ. ಅದು ವಿಟಮಿನ್ ಆಗಿ ಮಾರ್ಪಡಲು ಮತ್ತೆ ಮೈಯ ಬಿಸಿಯೇ ಬೇಕು. ಎಂದರೆ ಶಾಖ ಮತ್ತು ಕಿರಣ ಒಂದೇ ಜಾಗದಲ್ಲಿ ಬೀಳಬೇಕು. ದೀಪ ಒಂದು ಮೂಲೆಯಲ್ಲಿ, ಟ್ಯೂಬು ಇನ್ನೊಂದು ಮೂಲೆಯಲ್ಲಿದ್ದರೆ ಎರಡೂ ವ್ಯರ್ಥ. ಸಾಮಾನ್ಯ ಕಿಟಕಿಯ ಗಾಜು ಈ ಕಿರಣವನ್ನು ಒಳಗೆ ಬಿಡುವುದಿಲ್ಲ. ಆ ವೃದ್ಧೆ ಆಮೆಯನ್ನು ವರ್ಷಗಳ ಕಾಲ ಬಿಸಿಲು ಬೀಳುವ ಕಿಟಕಿಯ ಬಳಿಯೇ, ಅಕ್ಕರೆಯಿಂದಲೇ, ಇಟ್ಟಿದ್ದರಂತೆ. ಬೆಳಕಿತ್ತು, ಬಿಸಿಯಿತ್ತು, ಚಿಪ್ಪು ಮೆತ್ತಗಾಗುತ್ತಲೇ ಹೋಯಿತು. ಅನ್ನನೀರು ತಡೆಯುವ ಅತಿಚಾರದ ಸಾಲಿಗೆ ಇದನ್ನೂ ಸೇರಿಸಬೇಕಲ್ಲವೆ ಎಂದು ಒಮ್ಮೆ ಯೋಚಿಸಿದೆ. ಆದರೆ ಅರಿವಿಲ್ಲದೆ ಆದದ್ದಕ್ಕೆ ಆ ಹೆಸರು ಸಲ್ಲದು. ಅರಿತ ಮೇಲೂ ಅಗ್ಗದ ಬಲ್ಬಿನಲ್ಲಿ ಮುಗಿಸಿದರೆ ಸಲ್ಲುತ್ತದೆ.

ಉಚ್ಚಿಲವಿರುವುದು ಹದಿಮೂರನೆಯ ಅಕ್ಷಾಂಶದಲ್ಲಿ, ಲೀಡ್ಸ್ ಐವತ್ತನಾಲ್ಕರ ಬಳಿ. ಅಕ್ಟೋಬರಿನಿಂದ ಮಾರ್ಚಿನ ಮೊದಲವರೆಗೆ ಅಲ್ಲಿನ ಬಿಸಿಲಿನಲ್ಲಿ ಈ ಪಟ್ಟಿ ಹೆಸರಿಗಷ್ಟೇ ಇರುತ್ತದೆ. ಆದ್ದರಿಂದ ಒಳ್ಳೆಯ ಪ್ರತಿಫಲಕವುಳ್ಳ ಟಿ5 ಟ್ಯೂಬನ್ನು ಮೇಜಿನ ಬಿಸಿ ತುದಿಯ ಅರ್ಧಕ್ಕೆ ಮಾತ್ರ ಬರುವಂತೆ ಅಳವಡಿಸಿ, ಆಮೆಯ ಬೆನ್ನಿನ ಎತ್ತರದಲ್ಲಿ ನೇರಳಾತೀತ ಸೂಚ್ಯಂಕ 3ರಿಂದ 4ರಷ್ಟು ಬರುವ ಹಾಗೆ ಎರವಲು ತಂದ ಮಾಪಕದಿಂದ ಎತ್ತರವನ್ನು ಹೊಂದಿಸಿದಳು. ಟ್ಯೂಬು ಕಣ್ಣಿಗೆ ಉರಿಯುತ್ತಲೇ ಇದ್ದರೂ ಈ ಕಿರಣ ತಿಂಗಳುಗಳಲ್ಲಿ ಕುಗ್ಗುತ್ತದೆ, ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು. ಬಿಸಿ, ಬೆಳಕು, ಕಿರಣ ಮೂರನ್ನೂ ಒಟ್ಟಿಗೆ ಕೊಡುವ ಪಾದರಸದ ಆವಿಯ ದೀಪವೂ ಸಿಗುತ್ತದೆ. ಅದನ್ನು ಮಂದಗೊಳಿಸಲು ಬರುವುದಿಲ್ಲ, ಬಿಸಿ ಹೆಚ್ಚೆಂದು ಆರಿಸಿದರೆ ಕಿರಣವೂ ಹೋಗುತ್ತದೆ. ಆತಪವನ್ನೂ ಉದ್ಯೋತವನ್ನೂ ಬೇರೆಬೇರೆ ಇಡುವುದೇ ಲೇಸೆಂದೆ.

ಅವಳ ಅತ್ತೆಯವರು ಗುಜರಾತಿನ ಶ್ವೇತಾಂಬರ ಮನೆತನದವರು. ಅವರೊಂದು ಗಂಭೀರವಾದ ಆಕ್ಷೇಪವನ್ನೆತ್ತಿದರು: ದಿನಕ್ಕೆ ಹನ್ನೆರಡು ಗಂಟೆ ದೀಪ ಉರಿಸಿದರೆ ತೇಜಸ್ಕಾಯದ ಹಿಂಸೆಯಾಗದೆ? ಅಗ್ನಿಯೇ ಒಂದು ಜೀವರಾಶಿಯೆಂಬುದು ನಮ್ಮೆಲ್ಲರ ಸಿದ್ಧಾಂತ. ವಿದ್ಯುತ್ತು ಆ ರಾಶಿಗೆ ಸೇರುತ್ತದೆಯೋ ಇಲ್ಲವೋ ಎಂಬ ಚರ್ಚೆ ಶ್ವೇತಾಂಬರ ಮುನಿಗಳಲ್ಲಿ ಬಹುಕಾಲ ನಡೆದಿದೆ. ತೇರಾಪಂಥದವರು ಅದನ್ನು ನಿರ್ಜೀವವೆಂದೇ ಒಪ್ಪಿದ್ದಾರೆ. ಆ ವಾದದಲ್ಲಿ ಪಕ್ಷ ಹಿಡಿಯದೆಯೇ ಉತ್ತರಿಸಬಹುದು. ಶ್ರಾವಕನ ಅಣುವ್ರತ ಮೊದಲು ತ್ರಸಜೀವಿಗಳನ್ನು ಕಾಯುತ್ತದೆ, ಆಮೆ ಪಂಚೇಂದ್ರಿಯ ತ್ರಸ. ಸಂಜೆ ಟೈಮರ್ ದೀಪವನ್ನು ಆರಿಸಿಬಿಡುವುದರಿಂದ ಹುಳಹುಪ್ಪಟೆ ಬಂದು ಬೀಳುವುದೂ ತಪ್ಪುತ್ತದೆ. ಆ ಹಿರಿಯರಿಗೆ ಇದು ಪೂರ್ಣ ಒಪ್ಪಿಗೆಯಾಗಿಲ್ಲ. ಆದರೂ ಬೆಳಿಗ್ಗೆ ಸೊಪ್ಪು ಹೆಚ್ಚಿ ಹಾಕುವವರು ಅವರೇ.

ಈ ಮಾತಿನ ನಡುವೆ ನನಗೆ ನೆನಪಾದದ್ದು ಪಾರ್ಶ್ವನಾಥನ ಕಥೆಯ ಪಂಚಾಗ್ನಿ. ನಾಲ್ಕು ದಿಕ್ಕಿಗೆ ನಾಲ್ಕು ಬೆಂಕಿ, ನೆತ್ತಿಯ ಮೇಲೆ ಸೂರ್ಯ. ತಪಸ್ವಿ ತನ್ನನ್ನು ತಾನು ಕಾಯಿಸಿಕೊಳ್ಳುತ್ತಿರುವಾಗ ಕಟ್ಟಿಗೆಯೊಳಗೆ ಎರಡು ಹಾವುಗಳು ಬೇಯುತ್ತಿದ್ದವು. ಜನ್ಮಜನ್ಮಾಂತರದಲ್ಲಿ ಪಾರ್ಶ್ವನನ್ನು ಕಾಡಿದವನ ಹೆಸರು ಕಮಠ. ಆ ಪದಕ್ಕೆ ಸಂಸ್ಕೃತದಲ್ಲಿ ಆಮೆ ಎಂಬ ಅರ್ಥವೂ ಇದೆ. ಕವಿಗಳು ಇದರ ಮೇಲೆ ಶ್ಲೇಷೆ ಹೆಣೆದಿದ್ದಾರೆಯೇ ಎಂಬುದು ಸಂಶೋಧನ ವಿದ್ಯಾರ್ಥಿಗಳು ಪುರಾಣಗಳನ್ನು ಬಿಡಿಸಿ ನೋಡಬೇಕಾದ ವಿಷಯ.

ಬೆಳಕು ಆಮೆಗೆ ದಾರಿ ತಪ್ಪಿಸುವುದೂ ಉಂಟು. ನಮ್ಮ ಕರಾವಳಿಯ ಮರಳಿನಲ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಕುಂದಾಪುರದ ಕೋಡಿಯಂತಹ ಕಡೆಗಳಲ್ಲಿ ಅರಣ್ಯ ಇಲಾಖೆ ಅವಕ್ಕೆ ಬೇಲಿ ಕಟ್ಟಿ ಕಾಯುತ್ತದೆ. ಮರಿ ಹೆಣ್ಣೋ ಗಂಡೋ ಎಂಬುದನ್ನು ಮರಳಿನ ಶಾಖವೇ ತೀರ್ಮಾನಿಸುತ್ತದೆ, ಮರಳು ಹೆಚ್ಚು ಕಾದರೆ ಹೆಣ್ಣುಗಳೇ ಹೆಚ್ಚು. ರಾತ್ರಿ ಹೊರಬಿದ್ದ ಮರಿಗಳು ಎಲ್ಲಿ ಬಾನಂಚು ಹೊಳೆಯುತ್ತದೋ ಆ ಕಡೆ ಓಡುತ್ತವೆ. ಹಿಂದೆ ಹೊಳೆಯುತ್ತಿದ್ದದ್ದು ಕಡಲು ಮಾತ್ರ. ಈಗ ದಡದ ವಸತಿಗೃಹಗಳ ದೀಪ ಅದಕ್ಕಿಂತ ಹೆಚ್ಚು ಹೊಳೆಯುತ್ತದೆ. ಲೀಡ್ಸ್‌ನಲ್ಲಿ ಒಂದು ಆಮೆಗಾಗಿ ಸೂರ್ಯನನ್ನು ಅಳೆದು ತೂಗಿಸುವಾಗ ಇಲ್ಲಿ ನಾವು ದೀಪ ಆರಿಸಿದರೆ ಸಾಕು, ಅದೂ ಆಗುತ್ತಿಲ್ಲ.

ನಾಲ್ಕು ತಿಂಗಳ ಬಳಿಕ ಪಶುವೈದ್ಯರು ಚಿಪ್ಪನ್ನು ಒತ್ತಿ ನೋಡಿ, ಗಟ್ಟಿಯಾಗುತ್ತಿದೆ ಎಂದರಂತೆ. ಈಗ ಉಳಿದಿರುವುದು ಚಳಿಗಾಲದ ನಿರ್ಧಾರ. ಹರ್ಮನ್ ಆಮೆ ತನ್ನ ನಾಡಿನಲ್ಲಿ ಮಣ್ಣಿನೊಳಗೆ ಮಲಗಿ ಚಳಿ ಕಳೆಯುತ್ತದೆ. ಸಾಕುವವರು ಅದನ್ನು ಫ್ರಿಜ್ಜಿನಲ್ಲಿ 5 ಡಿಗ್ರಿಯ ಸುತ್ತ ಇಟ್ಟು ಮಲಗಿಸುತ್ತಾರೆ. ಆಗ ಶಾಖವೂ ಬೇಡ, ದೀಪವೂ ಬೇಡ. ಆದರೆ ಇನ್ನೂ ಪೂರ್ತಿ ಚೇತರಿಸಿಕೊಳ್ಳದ ದೇಹ ಆ ನಿದ್ದೆಯಿಂದ ಏಳದೆಯೂ ಹೋಗಬಹುದು. ಈ ವರ್ಷ ಮಲಗಿಸದೆ ದೀಪದ ಕೆಳಗೇ ಇರಲಿ ಎಂದು ನಾನು ಹೇಳಿದ್ದೇನೆ. ಸೆಪ್ಟೆಂಬರಿನಲ್ಲಿ ತೂಕ ನೋಡಿ ಹೇಳುತ್ತೇವೆ ಎಂದಿದ್ದಾರೆ ವೈದ್ಯರು.