ಕಿವಿ ಕೊಟ್ಟು ಉಳಿಸಿಕೊಂಡ ಉಸಿರು

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಕಂಡಿಕೆ ಸುತ್ತಿ ಬದುಕಿದವಳು ನಾನು. 2014ರ ಚಳಿಗಾಲದಲ್ಲಿ ಹಿಡಿದ ಕೆಮ್ಮು ಬಿಡಲೇ ಇಲ್ಲ. ಖಾಸಗಿ ವೈದ್ಯರೊಬ್ಬರು ಬರೆದುಕೊಟ್ಟ ಔಷಧಕ್ಕೆ ಸೀರೆ ಮಾರಿದ ದುಡ್ಡೆಲ್ಲ ಹೋಯಿತು. ಕಫದಲ್ಲಿ ರಕ್ತ ಕಂಡಾಗ ನರಗುಂದದಿಂದ ಅಣ್ಣ ಓಡಿ ಬಂದ. "ಇನ್ನ ತಡಾ ಮಾಡೂದು ಬ್ಯಾಡ, ನಡಿ ತಂಗಿ" ಎಂದು ರೋಣದ ಬಸ್ಸು ಹತ್ತಿಸಿದ. ಅಲ್ಲಿಂದ ಗದಗ, ಮುಂದೆ ಹುಬ್ಬಳ್ಳಿ.

ಕ್ಷಯ ಎಂದರು. ಗುಳಿಗೆ ನುಂಗಿದೆ, ಗುಣ ಕಾಣಲಿಲ್ಲ. ಮತ್ತೆ ಕಫ ಪರೀಕ್ಷೆ ಮಾಡಿದಾಗ ಗೊತ್ತಾಯಿತು, ಇದು ರಿಫಾಂಪಿಸಿನ್ ಎಂಬ ಔಷಧಕ್ಕೆ ಬಗ್ಗದ ಕ್ಷಯ. ಎರಡು ವರ್ಷದ ಚಿಕಿತ್ಸೆ, ಮೊದಲ ತಿಂಗಳುಗಳಲ್ಲಿ ದಿನಾ ಕನಾಮೈಸಿನ್ ಇಂಜೆಕ್ಷನ್.

ಸೂಜಿ ಚುಚ್ಚಿದ ಜಾಗ ಗಂಟುಕಟ್ಟಿ, ರಾಟಿ ಮುಂದೆ ಕೂಡಲಿಕ್ಕೆ ಆಗುತ್ತಿರಲಿಲ್ಲ. ಗುಳಿಗೆ ನುಂಗಿದ ಮೇಲೆ ಉಂಡದ್ದೆಲ್ಲ ವಾಂತಿ. ಸೈಕ್ಲೋಸೆರಿನ್ ಶುರುವಾದ ಮೇಲೆ ರಾತ್ರಿ ಸುಮ್ಮನೆ ಅಂಜಿಕೆ, ಅಳು. ಮನೆಯಲ್ಲಿ ನನ್ನ ತಾಟು, ಚರಿಗೆ ಬೇರೆ ಇಟ್ಟರು. ಅದನ್ನೂ ಸಹಿಸಿದೆ. ಆಮೇಲೆ ಕಿವಿಯಲ್ಲಿ ಗುಂಯ್ ಎನ್ನುವ ಸಪ್ಪಳ ಶುರುವಾಯಿತು. ಕೆಲವೇ ವಾರಗಳಲ್ಲಿ ಮಗ್ಗದ ಮುಂದೆ ನಿಂತರೆ ಲಾಳಿ ಓಡುವುದು ಕಾಣುತ್ತಿತ್ತು, ಸಪ್ಪಳ ಕೇಳುತ್ತಿರಲಿಲ್ಲ. ಮಗಳು ತೀರಾ ಹತ್ತಿರ ಬಂದು ಒದರಿದರೂ ತುಟಿ ಅಲುಗಾಡಿದ್ದಷ್ಟೇ ತಿಳಿಯುತ್ತಿತ್ತು. ಇಂಜೆಕ್ಷನ್ ಬಿಡಲೇ ಎಂದು ಕೇಳಿದೆ. ವೈದ್ಯರು ಚೀಟಿಯಲ್ಲಿ ಬರೆದು ತೋರಿಸಿದರು: "ಈಗ ಬಿಟ್ಟರೆ ಜೀವಕ್ಕೆ ಅಪಾಯ." ಕಿವಿ ಹೋಗಬಹುದು ಎಂದು ಮೊದಲೇ ನನಗೆ ಯಾರೂ ಹೇಳಿರಲಿಲ್ಲ, ಕಿವಿ ಪರೀಕ್ಷೆಯನ್ನೂ ಮಾಡಿಸಿರಲಿಲ್ಲ. ಕ್ಷಯ ವಾಸಿಯಾಯಿತು. ಎರಡೂ ಕಿವಿ ಹೋದವು.

ಮಗಳು ಮುಂದೆ ಬಿ.ಫಾರ್ಮ ಓದಿದಳು. ತಾನು ಕಲಿತದ್ದನ್ನು ನೋಟುಬುಕ್ಕಿನಲ್ಲಿ ಬರೆದು ನನಗೆ ತಿಳಿಸುತ್ತಾಳೆ. ಕನಾಮೈಸಿನ್ 1957ರಲ್ಲಿ ಜಪಾನಿನಲ್ಲಿ ಕಂಡುಹಿಡಿದದ್ದು. ಔಷಧಕ್ಕೆ ಬಗ್ಗದ ಇಂಥ ಕ್ಷಯಕ್ಕೆ ಬಂದ ಬೆಡಾಕ್ವಿಲಿನ್ ಎಂಬ ಹೊಸ ಗುಳಿಗೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2012ರ ಡಿಸೆಂಬರಿನಲ್ಲಿ, ಅಂದರೆ ನನಗೆ ಕೆಮ್ಮು ಹತ್ತುವ ಮೊದಲೇ. ನಮ್ಮ ದೇಶದ ಸರ್ಕಾರಿ ಚಿಕಿತ್ಸೆಗೆ ಅದು ಬಂದದ್ದು 2016ರಲ್ಲಿ, ಅದೂ ಆರೇ ಕೇಂದ್ರಗಳಿಗೆ. ಹುಬ್ಬಳ್ಳಿ ಆ ಆರರಲ್ಲಿ ಇರಲಿಲ್ಲ. ಇದನ್ನು ಓದಿದ ದಿನ ನನಗೆ ಅನ್ನ ಸೇರಲಿಲ್ಲ.

ಜಗತ್ತಿನ ಕ್ಷಯ ರೋಗಿಗಳಲ್ಲಿ ಕಾಲು ಭಾಗದಷ್ಟು ಜನ ಇಲ್ಲಿದ್ದಾರೆ, ಔಷಧ ಮಾತ್ರ ಬೇರೆಲ್ಲೋ ಹುಟ್ಟಿ ನಿಧಾನಕ್ಕೆ ಬರುತ್ತದೆ. ಇಲ್ಲಿ ಹುಡುಕುವವರು ಇರಲಿಲ್ಲವೆಂದಲ್ಲ. ಬೆಂಗಳೂರಿನ ಆಸ್ಟ್ರಾಜೆನೆಕಾ ಪ್ರಯೋಗಾಲಯದಲ್ಲಿ ಕ್ಷಯಕ್ಕೆಂದೇ ಸಂಶೋಧನೆ ನಡೆದಿತ್ತು. ಕಂಪನಿ ಅದನ್ನು ಮುಚ್ಚುವುದಾಗಿ ಹೇಳಿದ್ದು 2014ರಲ್ಲಿ, ನನಗೆ ಕೆಮ್ಮು ಹತ್ತಿದ ವರ್ಷ. ಅಲ್ಲಿ ರೂಪುಗೊಂಡ ಟಿಬಿಎ-7371 ಎಂಬ ಔಷಧ ಮುಂದೆ ದಕ್ಷಿಣ ಆಫ್ರಿಕಾದ ರೋಗಿಗಳ ಮೇಲೆ ಪರೀಕ್ಷೆಯಾಯಿತು. ಅಂಥ ಕೆಲಸ ನಿಲ್ಲಬಾರದು. ಲಾಭ ಕಾಣದ ಕಂಪನಿ ಬಿಟ್ಟುಹೋದರೆ ಸರ್ಕಾರ ಹಣ ಹಾಕಿ ಹಿಡಿದುಕೊಳ್ಳಬೇಕು.

ಬೆಡಾಕ್ವಿಲಿನ್ ಪೇಟೆಂಟನ್ನು ಇನ್ನಷ್ಟು ವರ್ಷ ಮುಂದುವರಿಸುವ ಅರ್ಜಿಗೆ ಮುಂಬೈಯ ನಂದಿತಾ ವೆಂಕಟೇಶನ್, ದಕ್ಷಿಣ ಆಫ್ರಿಕಾದ ಫುಮೆಜಾ ಟಿಸಿಲೆ ತಕರಾರು ಹಾಕಿದರು. ಇಬ್ಬರೂ ಕ್ಷಯದ ಔಷಧದಿಂದಲೇ ಕಿವಿ ಕಳೆದುಕೊಂಡವರು. 2023ರ ಮಾರ್ಚಿನಲ್ಲಿ ಭಾರತದ ಪೇಟೆಂಟ್ ಕಚೇರಿ ಆ ಅರ್ಜಿ ತಿರಸ್ಕರಿಸಿತು. ಅವರ ಮುಖ ನೋಡಿಲ್ಲ, ಆದರೆ ಅವರು ನನ್ನ ಒಡಹುಟ್ಟಿದವರು.

ಔಷಧಕ್ಕೆ ಬಗ್ಗದ ಕ್ಷಯಕ್ಕೆ 2024ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಹೊಸ ಚಿಕಿತ್ಸೆ ಆರು ತಿಂಗಳದ್ದು. ನಾಲ್ಕು ಬಗೆಯ ಗುಳಿಗೆ, ಇಂಜೆಕ್ಷನ್ ಇಲ್ಲ. ರೋಣ, ನರಗುಂದ, ಗಜೇಂದ್ರಗಡದ ಅಕ್ಕ ತಂಗಿಯರೇ, ಎರಡು ವಾರ ಕೆಮ್ಮು ಬಿಡದಿದ್ದರೆ ಸರ್ಕಾರಿ ದವಾಖಾನೆಗೆ ಹೋಗಿ ಕಫ ಪರೀಕ್ಷೆ ಮಾಡಿಸಿರಿ. ಪರೀಕ್ಷೆಗೂ ಗುಳಿಗೆಗೂ ದುಡ್ಡು ಕೊಡಬೇಕಾಗಿಲ್ಲ. ಕೊಡುವ ಔಷಧದಿಂದ ಏನೇನು ತೊಂದರೆ ಆಗಬಹುದು ಎಂದು ಮೊದಲೇ ಕೇಳಿ ತಿಳಿದುಕೊಳ್ಳಿರಿ.