ಹೆಸರು ಬರೆಸಿದವರ ತಪ್ಪು

ಪಿಯುಸಿಗೆ ಪೇಟೆ ಕಾಲೇಜು ಸೇರಿದ ಮೊದಲ ವಾರ. ಲೆಕ್ಚರರ್ ಏನೋ ಕೇಳಿದರು, ನಾನು ಎದ್ದು ನಿಂತು "ಆಮ್ಲಜನಕ ಸಾರ್" ಅಂದೆ. ಇಡೀ ಕ್ಲಾಸು ನಕ್ಕಿತು. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲೇ ಓದಿದ್ದವನಿಗೆ ಅವತ್ತಿನಿಂದ ಅದು ಆಕ್ಸಿಜನ್ ಆಯ್ತು. ನಮ್ಮ ಪದಾನೇ ಏನೋ ಹಳ್ಳಿಗುಗ್ಗು ಅಂತ ಬಹಳ ದಿನ ಅಂದ್ಕೊಂಡಿದ್ದೆ.

ಆಮೇಲೆ ಗೊತ್ತಾಯ್ತು, ಎರಡೂ ಒಂದೇ. ಗ್ರೀಕಿನಲ್ಲಿ ಆಕ್ಸಿಸ್ ಅಂದ್ರೆ ಹುಳಿ. ಹುಳಿ ಹುಟ್ಟಿಸುವಂಥದ್ದು ಆಕ್ಸಿಜನ್. ಹೆಸರಿಟ್ಟವನು ಫ್ರಾನ್ಸಿನ ಲಾವೋಸಿಯೇ. ಗಂಧಕವನ್ನೋ ರಂಜಕವನ್ನೋ ಸುಟ್ಟು, ಬಂದದ್ದನ್ನು ನೀರಿಗೆ ಸೇರಿಸಿದರೆ ಆಮ್ಲ ಆಗ್ತಿತ್ತು. ಹಾಗಾಗಿ ಎಲ್ಲ ಆಮ್ಲಕ್ಕೂ ಈ ಅನಿಲವೇ ಕಾರಣ ಅಂತ ತೀರ್ಮಾನಿಸಿಬಿಟ್ಟ. 1787ರಲ್ಲಿ ಮೂವರು ಜೊತೆಗಾರರೊಂದಿಗೆ ಹೊಸ ಹೆಸರುಗಳ ಪುಸ್ತಕವನ್ನೇ ತಂದ.

ತಪ್ಪು. ಉಪ್ಪಿನಿಂದ ತೆಗೆಯುವ ಆಮ್ಲಾನಿಲದಲ್ಲಿ (ಬಾತ್‌ರೂಮ್ ತೊಳೆಯೋಕೆ ತರ್ತೀವಲ್ಲ, ಆ ಆಸಿಡ್‌ನ ಮೂಲ) ಆಮ್ಲಜನಕ ಒಂಚೂರೂ ಇಲ್ಲ ಅಂತ 1810ರಲ್ಲಿ ಲಂಡನ್ನಿನ ಹಂಫ್ರಿ ಡೇವಿ ವಾದಿಸಿದ. ಅದರಲ್ಲಿರೋದು ಜಲಜನಕ, ಜೊತೆಗೆ ಇನ್ನೊಂದು ಮೂಲವಸ್ತು. ಆ ಇನ್ನೊಂದಕ್ಕೆ ಡೇವಿ ಯಾವ ಸಿದ್ಧಾಂತದ ಗೊಡವೆಗೂ ಹೋಗದೆ, ಅದರ ಹಳದಿ ಬೆರೆತ ಹಸಿರು ಬಣ್ಣ ನೋಡಿ ಕ್ಲೋರಿನ್ ಅಂದ. ಜಾಣ. ಸಿದ್ಧಾಂತ ಬಿದ್ದರೂ ಬಣ್ಣ ಎಲ್ಲಿಗೂ ಹೋಗಲ್ಲ.

ಲಾವೋಸಿಯೇ ಅಷ್ಟರಲ್ಲಿ ಇರಲಿಲ್ಲ, 1794ರಲ್ಲೇ ಕ್ರಾಂತಿಯವರು ಅವನ ತಲೆ ತೆಗೆದಿದ್ರು. ಹೆಸರು ಮಾತ್ರ ಪ್ರೊಡಕ್ಷನ್‌ಗೆ ಹೋಗಿಯಾಗಿತ್ತು. ನಾನೂ ತಪ್ಪು ಹೆಸರಿನ ಫಂಕ್ಷನ್ ಬರೆದವನೇ, ಒಂದು ಸಲ ನಾಲ್ಕು ಟೀಮು ಅದನ್ನ ಬಳಸೋಕೆ ಶುರು ಮಾಡಿದ್ರೆ ಮುಗೀತು. ಜರ್ಮನರು ಅದನ್ನ 'ಹುಳಿವಸ್ತು' ಅಂತ ಕರೆದರು, ನಮ್ಮವರು ಆಮ್ಲಜನಕ ಅಂತ ತಪ್ಪನ್ನೂ ಶ್ರದ್ಧೆಯಿಂದ ಅನುವಾದಿಸಿಕೊಂಡರು. ಆಮ್ಲಕ್ಕೆ ಹುಳಿ ಕೊಡೋದು ಅಸಲಿಗೆ ಜಲಜನಕ!

ನನ್ನದೂ ಇದೇ ಕಥೆ. ಅಮ್ಮ ಆಸೆಪಟ್ಟು ಇಟ್ಟ ಹೆಸರು ಕಿರಣ. ಒಂದನೇ ಕ್ಲಾಸಿಗೆ ಸೇರಿಸೋಕೆ ಕರ್ಕೊಂಡು ಹೋದ ತಾತ, ಮೇಷ್ಟ್ರು ಕೇಳಿದಾಗ 'ಕೆಂಚಪ್ಪ' ಅಂತ ಬರೆಸಿಬಿಟ್ಟ. ತಾತನ ಅಪ್ಪನ ಹೆಸರದು. ನಾನೋ ಕಾಗೆ ಬಣ್ಣ. ಮಾರ್ಕ್ಸ್ ಕಾರ್ಡು, ಡಿಗ್ರಿ, ಪ್ಯಾನ್, ಪಾಸ್‌ಪೋರ್ಟು, ಎಲ್ಲದರಲ್ಲೂ ಕೆಂಚಪ್ಪನೇ. ಕ್ಲೈಂಟ್ ಕಾಲ್‌ನಲ್ಲಿ 'ಕೆನ್'.

ಕಳೆದ ವರ್ಷ ಬದಲಾಯಿಸೋದೇ ಸರಿ ಅಂತ ಅಫಿಡವಿಟ್ ಮಾಡಿಸಿ, ಊರಿಗೆ ಹೋದಾಗ ತಾತನಿಗೂ ಹೇಳಿದೆ. ಕಿವಿ ಮಂದ, ಎರಡು ಸಲ ಹೇಳಿಸಿಕೊಂಡ. ಆಮೇಲೆ, "ನಿನ್ನ ಕೂಗಿದ್ರೆ ನಮ್ಮಪ್ಪನ್ನ ಕೂಗ್ದಂಗಾಗ್ತಿತ್ತು ಕಣ್ಲಾ" ಅಂದು, ಎಲೆಡಿಕೆ ಚೀಲ ಹುಡುಕತೊಡಗಿದ.

ಅಫಿಡವಿಟ್ ಇನ್ನೂ ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಇದೆ.